ಫೈಲ್ ತೆರೆಯುವವಳ ಮೇಲೊಂದು ಕಣ್ಣು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಅಂಗಡಿಯ ಬಾಗಿಲು ತೆಗೆದರೆ ಸಾಕು, ವಾರಕ್ಕೊಂದು ಆಗಿಯೇ ತೀರುತ್ತದೆ.

ಗೋಕಾಕದ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಮೊದಲು ಅಲ್ಲೇ ಟೈಪಿಂಗ್ ಕಲಿಸುತ್ತಿದ್ದೆ. ಹಾಗಾಗಿ ಇವತ್ತಿಗೂ ಎಲ್ಲರಿಗೂ ನಾನು 'ಬಾಯಾರು', ಅಂದರೆ ಟೀಚರು. ಟೈಪಿಂಗ್ ಮಶೀನುಗಳು ಗುಜರಿಗೆ ಹೋದವು, ಹೆಸರು ಉಳಿಯಿತು. ಈಗ ಜೆರಾಕ್ಸ್, ಅರ್ಜಿ, ಫೋಟೋಗಳ ಜೊತೆಗೆ ನಾನು ಮಾಡುವ ದೊಡ್ಡ ಕೆಲಸವೆಂದರೆ ಒಂದು ಪ್ರೋಗ್ರಾಂನಲ್ಲಿ ಮಾಡಿದ ಎಕ್ಸೆಲ್ ಪಟ್ಟಿಯನ್ನು ಇನ್ನೊಂದರಲ್ಲಿ ತೆರೆದು, ಸರಿ ಮಾಡಿ ಕೊಡುವುದು. ಒಬ್ಬರ ಬಳಿ ರೊಕ್ಕ ಕೊಟ್ಟು ಕೊಂಡ ಪ್ರೋಗ್ರಾಂ, ಇನ್ನೊಬ್ಬರ ಬಳಿ ಬಿಟ್ಟಿ ಸಿಕ್ಕಿದ್ದು, ಮತ್ತೊಬ್ಬರ ಮೊಬೈಲಿನಲ್ಲಿ ಕೇಳದೆಯೇ ಬಂದು ಕೂತದ್ದು. ಮೂರಕ್ಕೂ ಒಂದರ ಮಾತು ಇನ್ನೊಂದಕ್ಕೆ ಪೂರ್ತಿ ತಿಳಿಯುವುದಿಲ್ಲ. ದಾರಿಯಲ್ಲಿ ಏನೋ ಒಂದು ಉದುರುತ್ತದೆ, ಇಲ್ಲವೇ ಏನೋ ಒಂದು ಸೇರಿಕೊಳ್ಳುತ್ತದೆ.

ನನಗೆ ಹುಟ್ಟಿನಿಂದಲೇ ಸಂಶಯ ಜಾಸ್ತಿ. ಯಾವ ಫೈಲನ್ನೂ ಮೂರು ಕಾಪಿ ಇಟ್ಟುಕೊಳ್ಳದೆ ಮುಟ್ಟುವುದಿಲ್ಲ. ಹಾಲಿನವನು ಹಾಲು ಹಾಕುವಾಗಲೂ ಪಾತ್ರೆಯೊಳಗೆ ಇಣುಕುವವಳು ನಾನು. ಆದರೆ ನನ್ನ ಗಿರಾಕಿಗಳ ಮುಂದೆ ನನ್ನ ಸಂಶಯ ಏನೂ ಅಲ್ಲ. ಅವರಿಗೆ ಫೈಲಿನ ಮೇಲೆ ಅರ್ಧ ಅನುಮಾನ, ನನ್ನ ಮೇಲೆ ಪೂರ್ತಿ. ಇದರಲ್ಲೇ ಒಮ್ಮೆ ನನ್ನ ಸ್ವಂತ ತಂಗಿಯ ಮದುವೆ ಕೈ ತಪ್ಪುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ತಪ್ಪು ನನ್ನದೇ.

ಏನೂ ಇಲ್ಲದ ಜಾಗ

ಯಮಕನಮರಡಿಯಿಂದ ಲಾರಿ ಮಾಲೀಕರೊಬ್ಬರು ಬಂದರು. ಅವರ ಲಾರಿಗಳ ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂಬ ಪಟ್ಟಿ. ಅವರ ಆಫೀಸಿನ ಪ್ರೋಗ್ರಾಂನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತಂತೆ. ನನ್ನ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ತಾರೀಖು ಇರಬೇಕಾದ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಬರೀ ಜಾಳಿಗೆ ಜಾಳಿಗೆ ಗುರುತು, ####### ಹೀಗೆ.

ಮಾಲೀಕರು ಕುರ್ಚಿ ಮುಂದೆ ಎಳೆದುಕೊಂಡರು.

"ಬಾಯಾರ, ನನ್ನ ತಾರೀಖು ಯಾಕ ಮುಚ್ಚಿದ್ರಿ?"

"ನಾ ಮುಚ್ಚಿಲ್ರಿ. ಜಾಗಾ ಸಾಲವಲ್ದು ಅದಕ್ಕ. ಸ್ವಲ್ಪ ಅಗಲ ಮಾಡಿದ್ರ ಕಾಣ್ತಾವ," ಎಂದು ನಾನು ಆ ಕಾಲಂನ ಅಂಚು ಹಿಡಿದು ಎಳೆದೆ. ತಾರೀಖುಗಳೆಲ್ಲ ಒಮ್ಮೆಲೇ ಕಾಣಿಸಿದವು.

ಅವರು ಖುಷಿಪಡುತ್ತಾರೆ ಎಂದುಕೊಂಡರೆ ಮುಖ ಇನ್ನೂ ಬಿಗಿಯಾಯಿತು.

"ಅಂದ್ರ ಇದರ ಹಿಂದ ಇದ್ದವಲ್ಲ?"

"ಇದ್ದವ್ರಿ."

"ನಿಮಗ ಗೊತ್ತಿತ್ತು?"

"ಗೊತ್ತಿತ್ರಿ."

"ಹಂಗಾರ ಬಾಜೂಕಿನ ಕಾಲಂದಾಗ ಏನ ಐತಿ?"

ಪಕ್ಕದ ಆ ಕಾಲಂ ಖಾಲಿ. ಅದನ್ನೂ ಎಳೆಯಿರಿ ಎಂದರು. ಎಳೆದೆ. ಅದರ ಬಾಜೂಕಿನದನ್ನೂ ಎಳೆಯಿರಿ ಎಂದರು. ಎ, ಬಿ, ಸಿ, ಡಿ ಮುಗಿದು ಜೆಡ್ ಬಂತು. ಜೆಡ್ ಆದಮೇಲೆ ಮತ್ತೆ ಎ ಎ, ಎ ಬಿ ಎಂದು ಶುರುವಾದದ್ದನ್ನು ನೋಡಿ, "ಇಷ್ಟು ಒಳಗ ಇಟ್ಟೀರಿ!" ಎಂದರು. ಹೊರಗೆ ಜೆರಾಕ್ಸಿಗೆ ನಾಲ್ಕು ಮಂದಿ ಕಾಯುತ್ತಿದ್ದರು. ನಾನು ಕೈ ಮುಗಿದು, "ಸಾವುಕಾರ್ರ, ಇದು ಮುಗಿಯಂಗಿಲ್ಲ. ಮುಂದ ಏನೂ ಇಲ್ಲ. ನನ್ನ ಮ್ಯಾಲ ನಂಬಿಕಿ ಇಡ್ರಿ," ಎಂದೆ.

ಅವರು ಕಿಸೆಯಿಂದ ಪೆನ್ನು ತೆಗೆದು ನನ್ನ ಮುಂದಿಟ್ಟರು.

"ನಂಬತೀನ್ರಿ. ಮುಂದ ಏನೂ ಇಲ್ಲ ಅಂತ ಬರದು, ಕೆಳಗ ಒಂದು ಸಹಿ ಮಾಡಿ ಕೊಡ್ರಿ."

ಒಂದೇ ನಂಬರಿನ ಕುರಿಗಳು

ಮಮದಾಪುರದ ಕುರಿಗಾರ ಅಜ್ಜನಿಗೆ ನೂರಾ ನಲವತ್ತು ಕುರಿ. ಒಂದೊಂದರ ಕಿವಿಗೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಹನ್ನೆರಡು ಅಂಕಿಯ ನಂಬರು. ಲಸಿಕೆ ಹಾಕುವವರು ಬರುವ ಮುಂಚೆ ಆ ನಂಬರುಗಳ ಪಟ್ಟಿ ಕೊಡಬೇಕಿತ್ತು. ಅಜ್ಜನ ಅಳಿಯ ಕುರಿ ಹಟ್ಟಿಯಲ್ಲೇ ಕೂತು ಮೊಬೈಲಿನಲ್ಲಿ ಪಟ್ಟಿ ಮಾಡಿ, ಪ್ರಿಂಟ್ ತೆಗೆಸಿಕೊಂಡು ಬಾ ಎಂದು ಅಜ್ಜನನ್ನು ನನ್ನಲ್ಲಿಗೆ ಕಳಿಸಿದ್ದ.

ಮೊಬೈಲಿನ ಫೈಲು ನನ್ನ ಕಂಪ್ಯೂಟರಿಗೆ ಬಂದ ಕೂಡಲೇ ಅದಕ್ಕೆ ಉದ್ದ ಅಂಕಿ ಬರೆಯಲು ಬೇಸರವಾಯಿತು. ನೂರಾ ನಲವತ್ತು ಸಾಲಿನಲ್ಲೂ ಒಂದೇ ಬರಹ, 1.02E+11.

ಅಜ್ಜನಿಗೆ ಓದಲು ಬರುವುದಿಲ್ಲ. ಆದರೆ ಎಲ್ಲ ಸಾಲೂ ಒಂದೇ ಥರ ಇರುವುದು ದೂರದಿಂದಲೇ ಅವನಿಗೆ ಕಂಡಿತು. ಕುರಿ ಕಾಯುವವನ ಕಣ್ಣು ಅದು.

"ಯವ್ವಾ, ಇವು ಎಲ್ಲಾ ಒಂದ ಅದಾವಲ್ಲ?"

"ಹೌದಜ್ಜಾ, ಮಶೀನು ಮುರದು ಬರದೈತಿ. ಸರಿ ಮಾಡ್ತೀನಿ ತಡಿ."

"ಮುರೀದಲ್ಲ ಇದು. ನನ್ನ ಹಿಂಡ ಒಂದು ಕುರಿ ಮಾಡಿ ಇಟ್ಟಾರ. ನಾಳೆ ಬಂದು ಒಂದಕ್ಕ ಸೂಜಿ ಚುಚ್ಚಿ, ಎಲ್ಲಾಕೂ ಹಾಕೀವಿ ಅಂತ ಬರ್ಕೊಂಡು ಹೋಗಾವ್ರು."

ನಾನು ಆ ಕಾಲಂ ಆರಿಸಿ, ಅಂಕಿಯನ್ನು ಪೂರ್ತಿ ತೋರಿಸು ಎಂದು ಕಂಪ್ಯೂಟರಿಗೆ ಹೇಳಿದೆ. ನೂರಾ ನಲವತ್ತು ನಂಬರೂ ಬೇರೆ ಬೇರೆಯಾಗಿ, ಒಂದೂ ಬಿಡದೆ ಬಂದವು. ಪ್ರಿಂಟ್ ತೆಗೆದು ಕೊಟ್ಟೆ. ಅಜ್ಜ ಕಾಗದವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮೂಸಿಯೂ ನೋಡಿದ.

"ಇಷ್ಟೊತ್ತು ಒಂದ ಇದ್ದಿದ್ದು ಈಗ ಇಷ್ಟು ಹೆಂಗಾದ್ವು? ನೀನ ಮನಸ್ಸಿಗೆ ಬಂದಂಗ ಬರದಿ."

"ಇಲ್ಲಜ್ಜಾ. ಬೇಕಾದ್ರ ಯಾವುದರ ಒಂದು ಕುರಿ ಬಿಲ್ಲಿ ತಾಳೆ ಹಾಕಿ ನೋಡು."

ಈ ಮಾತನ್ನು ನಾನು ಆಡಬಾರದಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದೆ. ಅಜ್ಜ ಒಂದು ಕುರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು, ನೇರ ಒಳಗೆ ನುಗ್ಗಿ, ಅದನ್ನು ಕೀಬೋರ್ಡಿನ ಪಕ್ಕ ನಿಲ್ಲಿಸಿದ. ನಾನು ಅದರ ಕಿವಿ ಹಿಡಿದು ನಂಬರು ಓದಿದೆ, ಪಟ್ಟಿಯಲ್ಲಿ ಹುಡುಕಿದೆ, ಬೆರಳಿಟ್ಟು ತೋರಿಸಿದೆ. ಒಂದೊಂದು ಅಂಕಿಯೂ ಸರಿ ಇತ್ತು. ಅಜ್ಜ ಓದು ಬಲ್ಲ ಪಕ್ಕದ ಅಂಗಡಿಯವರನ್ನು ಕರೆದು ಅವರಿಂದಲೂ ಓದಿಸಿದ. ಅವರೂ ಸರಿ ಎಂದರು.

"ನಂಬಿದಿ ಈಗ?" ಎಂದೆ, ಗೆದ್ದ ಧ್ವನಿಯಲ್ಲಿ.

"ಈ ಕುರೀದು ನಂಬೀನಿ," ಎಂದ ಅಜ್ಜ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಬಸ್ಸುಗಳು ಒಂದೇ ಸವನೆ ಹಾರ್ನ್ ಹೊಡೆಯತೊಡಗಿದವು. ಅಜ್ಜ ಬಾಗಿಲಿನತ್ತ ಕೈ ಮಾಡಿ ಹೇಳಿದ:

"ಉಳದ ನೂರಾ ಮೂವತ್ತೊಂಬತ್ತು ಹೊರಗ ನಿಂತಾವ. ಒಂದೊಂದ ಕರೀಲಿ?"

ಸೋತವರಿಗೆ ಸಿಕ್ಕ ತಾರೀಖು

ಶ್ರಾವಣದಲ್ಲಿ ಮೂಡಲಗಿಯ ಕಡೆ ಒಂದು ಕಬಡ್ಡಿ ಪಂದ್ಯಾವಳಿ ನಡೆಯಿತು. ಅದರ ಕಾರ್ಯದರ್ಶಿ ನನ್ನ ಹಳೆಯ ಟೈಪಿಂಗ್ ವಿದ್ಯಾರ್ಥಿ. ಯಾರು ಎಷ್ಟಕ್ಕೆ ಗೆದ್ದರು, ಎಷ್ಟಕ್ಕೆ ಸೋತರು ಎಂಬ ಪಟ್ಟಿಯನ್ನು ಅವನು ಒಂದು ಪ್ರೋಗ್ರಾಂನಲ್ಲಿ ಬರೆದು, ಇನ್ನೊಂದರಲ್ಲಿ ತೆರೆದು ಸೇವ್ ಮಾಡಿ, ನೋಡದೆಯೇ ಎಲ್ಲ ತಂಡಗಳ ವಾಟ್ಸಾಪಿಗೆ ಕಳಿಸಿಬಿಟ್ಟ. ನೋಡದೆ ಕಳಿಸುವುದನ್ನು ನಾನಂತೂ ಅವನಿಗೆ ಕಲಿಸಿರಲಿಲ್ಲ.

ಪಟ್ಟಿಯಲ್ಲಿ 31-24 ಎಂದಿದ್ದದ್ದು ಹಾಗೆಯೇ ಉಳಿದಿತ್ತು. ಆದರೆ 12-10 ಎಂದಿದ್ದದ್ದನ್ನು ಎರಡನೆಯ ಪ್ರೋಗ್ರಾಂ ಅಂಕ ಎಂದು ತಿಳಿಯಲೇ ಇಲ್ಲ. ಅಕ್ಟೋಬರ್ ಹನ್ನೆರಡನೇ ತಾರೀಖು ಎಂದು ತಿಳಿದು ಹಾಗೇ ಬರೆದಿಟ್ಟಿತು.

ಹನ್ನೆರಡು ಹತ್ತರಿಂದ ಸೋತವರು ಕೊಣ್ಣೂರಿನ ಹುಡುಗರು. ಕೊನೆಯ ರೇಡಿನಲ್ಲಿ ಅಂಪೈರ್ ಮೋಸ ಮಾಡಿದ ಎಂದು ಅವತ್ತೇ ಗಲಾಟೆ ಮಾಡಿ, ಪೆಂಡಾಲಿನ ಎರಡು ಕುರ್ಚಿ ಮುರಿದು ಬಂದಿದ್ದರು. ಪಟ್ಟಿ ನೋಡಿದವರಿಗೆ ಎಲ್ಲರ ಹೆಸರಿನ ಮುಂದೆ ಅಂಕ, ತಮ್ಮ ಹೆಸರಿನ ಮುಂದೆ ಮಾತ್ರ ತಾರೀಖು ಕಂಡಿತು. ಮೋಸ ಮಾಡಿದವರು ಕೊನೆಗೂ ನಾಚಿಕೊಂಡು ಮರುಪಂದ್ಯ ಇಟ್ಟಿದ್ದಾರೆ ಎಂದು ಅವರು ತೀರ್ಮಾನಿಸಿದರು. ಯಾರನ್ನೂ ಕೇಳಲಿಲ್ಲ. ಕೇಳಿದರೆ ಇಲ್ಲ ಎಂದುಬಿಟ್ಟಾರು ಎಂಬ ಸಂಶಯ. ಎರಡು ತಿಂಗಳು ಗುಟ್ಟಾಗಿ ತಾಲೀಮು ಮಾಡಿ, ಅಕ್ಟೋಬರ್ ಹನ್ನೆರಡಕ್ಕೆ ಟಂಟಂ ಗಾಡಿ ಮಾಡಿಕೊಂಡು, ಚಡ್ಡಿ ಬನಿಯನ್ನಿನಲ್ಲೇ ಮೂಡಲಗಿಗೆ ಹೋಗಿ ಇಳಿದರು.

ಕಾರ್ಯದರ್ಶಿ ತನ್ನ ಗೊಬ್ಬರದ ಅಂಗಡಿಯಲ್ಲಿ ಚೀಲ ಎಣಿಸುತ್ತಿದ್ದ.

"ಯಾವ ಮ್ಯಾಚಪಾ? ಅದು ಎಂದೋ ಮುಗದೈತಿ."

"ಈಗ ಹಿಂಗ ಅಂತೀ ಅಂತ ನಮಗ ಗೊತ್ತಿತ್ತು," ಎಂದು ಅವರು ಮೊಬೈಲ್ ತೆಗೆದು ತೋರಿಸಿದರು. "ನೀನ ಕಳಿಸಿದ್ದು. ಲಿಖಿತದಾಗ ಐತಿ."

ಅವನು ನನಗೆ ಫೋನ್ ಮಾಡಿದ. ನಾನು ಅವರಲ್ಲಿ ಒಬ್ಬನಿಗೆ ಫೋನಿನಲ್ಲೇ ತಿಳಿಸಿ ಹೇಳಿದೆ, ಅಂಕ ಹೇಗೆ ತಾರೀಖಾಯಿತು ಎಂದು. ಅವನು ಪೂರ್ತಿ ಕೇಳಿ, "ನಿಮಗೂ ಹೇಳಿಕೊಟ್ಟಾರೇನ್ರಿ ಬಾಯಾರ?" ಎಂದ. ಇನ್ನೇನು ಮಾಡುವುದು, ಗೆದ್ದ ತಂಡದ ಹುಡುಗರನ್ನು ಹೊಲದಿಂದ, ಗ್ಯಾರೇಜಿನಿಂದ ಕರೆಸಿದರು. ಆಟ ಆಯಿತು. ಕೊಣ್ಣೂರಿನವರು ಹನ್ನೊಂದು ಒಂಬತ್ತರಿಂದ ಗೆದ್ದು, ಗುಲಾಲು ಹಾರಿಸಿಕೊಂಡು ಊರಿಗೆ ಹೋದರು.

ಕಾರ್ಯದರ್ಶಿಗೆ ಬುದ್ಧಿ ಬಂದಿರಬೇಕಲ್ಲ? ಬಂದಿರಲಿಲ್ಲ. ಅದೇ ಸಂಜೆ ಅದೇ ಫೈಲಿನಲ್ಲಿ 11-9 ಎಂದು ಬರೆದು ಕಳಿಸಿದ. ಅದು ಸೆಪ್ಟೆಂಬರ್ ಹನ್ನೊಂದಾಗಿ ಹೋಯಿತು. ಈ ಸಲ ಸೋತ ಮೂಡಲಗಿಯ ಹುಡುಗರು ಪಟ್ಟಿ ಹಿಡಿದುಕೊಂಡು ಅವನ ಅಂಗಡಿಗೆ ಬಂದರು.

"ಮ್ಯಾಚ್ ಇವತ್ತ ಆಗೈತಿ. ನಿನ್ನ ಪಟ್ಟಿಯಾಗ ಹೋದ ತಿಂಗಳ ಮುಗದೈತಿ. ಆಡೂಕಿಂತ ಮೊದಲ ಮುಗದಿದ್ದು ಲೆಕ್ಕಕ್ಕ ಬರಂಗಿಲ್ಲ. ನಾವ ಗೆದ್ದಂಗ."

ಹೆಸರಿಲ್ಲದ ರೊಟ್ಟಿ

ನಮ್ಮ ಹಿಂದಿನ ಓಣಿಯಲ್ಲಿ ಎಂಟು ಹೆಣ್ಣುಮಕ್ಕಳು ಸೇರಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಮಾಡಿ ಮಾರುತ್ತಾರೆ. ಮುಖ್ಯಸ್ಥೆಗೆ ಐವತ್ತು ದಾಟಿದೆ, ಗಟ್ಟಿ ಹೆಂಗಸು. ಯಾರಿಗೆ ವಾರಕ್ಕೆ ಎಷ್ಟು ರೊಟ್ಟಿ ಎಂಬ ಪಟ್ಟಿಯನ್ನು ಅವರ ಸೊಸೆ ಮನೆಯ ಕಂಪ್ಯೂಟರಿನಲ್ಲಿ ಬರೆದಿಡುತ್ತಾಳೆ. ಅದು ಹಳೆಯ ಕನ್ನಡ ಅಕ್ಷರಗಳ ಫೈಲು. ಒಂದು ದಿನ ಮುಖ್ಯಸ್ಥೆ ಹೊಸ ಮೊಬೈಲ್ ಕೊಂಡು ಪಟ್ಟಿಯನ್ನು ಅದರಲ್ಲಿ ತೆರೆದರೆ, ಹೆಸರಿದ್ದ ಜಾಗದಲ್ಲೆಲ್ಲ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ, ಪ್ರಶ್ನೆ ಚಿಹ್ನೆ. ಅಂಕಿಗಳು ಮಾತ್ರ ನೆಟ್ಟಗಿದ್ದವು.

ಅತ್ತೆ ಸೊಸೆ ಇಬ್ಬರೂ ನನ್ನ ಅಂಗಡಿಗೆ ಬಂದರು. ಕರೆಂಟು ಹೋಗಿತ್ತು. ಬರುವವರೆಗೆ ಸುಮ್ಮನೆ ಯಾಕೆ ಕೂರುವುದು ಎಂದು ಮುಖ್ಯಸ್ಥೆ ಮೊಬೈಲ್ ಹಿಡಿದು ಅಂಕಿ ನೋಡಿಯೇ ಹೆಸರು ಹೇಳತೊಡಗಿದರು.

"ನಲವತ್ತು ರೊಟ್ಟಿ, ಹಿಂಡಿ ಇಲ್ಲ. ಇದು ಖಾನಾವಳಿ. ಹನ್ನೆರಡು ರೊಟ್ಟಿ, ಅರ್ಧ ಕಿಲೋ ಶೇಂಗಾ ಹಿಂಡಿ. ಇದು ಆ ಮಾಸ್ತರ ಮನಿ, ರೊಟ್ಟಿಗಿಂತ ಹಿಂಡೀನ ಹೆಚ್ಚು ತಿಂತಾರ. ಆರು ರೊಟ್ಟಿ, ಇದು ಡಾಕ್ಟ್ರು, ಎಣಿಸಿ ತಿನ್ನೂ ಮಂದಿ."

ಹಸಿವಿನ ಮೇಲೆ ಊರನ್ನೇ ಗುರುತು ಹಿಡಿದುಬಿಟ್ಟರು. ನನಗೆ ಕಂಪ್ಯೂಟರ್ ಅಂಗಡಿ ಯಾಕೆ ಬೇಕು ಅನಿಸಿತು. ಆದರೆ ಕೊನೆಯ ಒಂದು ಸಾಲು ಅವರಿಗೆ ಸಿಗಲಿಲ್ಲ. ವಾರಕ್ಕೆ ಹದಿನಾಲ್ಕು ರೊಟ್ಟಿ, ಅಂದರೆ ದಿನಕ್ಕೆ ಎರಡು, ಜೊತೆಗೆ ಗುರೆಳ್ಳು ಹಿಂಡಿ.

"ದಿನಕ್ಕ ಎರಡ ರೊಟ್ಟಿ ತಿನ್ನಾಂವ ಒಂಟಿ ಗಂಡಸ ಇರಬೇಕು," ಎಂದರು ಮುಖ್ಯಸ್ಥೆ ಕಣ್ಣು ಸಣ್ಣ ಮಾಡಿ. "ಪಾಪ, ಮನ್ಯಾಗ ಹಾಕಾವ್ರು ಇಲ್ಲಂತ ಕಾಣ್ತೈತಿ. ಯಾರ ಇಂವಾ? ಏ ಹುಡುಗಿ, ನೀನ ಬರದಿದ್ದಲ್ಲ, ನೆನಪಿಲ್ಲೇನು?"

ಸೊಸೆ ತಲೆ ಎತ್ತದೆ, "ಇಲ್ರಿ ಅತ್ತಿ," ಎಂದಳು. ಆ 'ಇಲ್ರಿ' ಕೇಳಿಯೇ ನನಗೆ ಸಂಶಯ ಬಂತು.

ಕರೆಂಟು ಬಂತು. ನಾನು ಹಳೆಯ ಅಕ್ಷರಗಳನ್ನು ಹೊಸದಕ್ಕೆ ಬದಲಿಸಿದೆ. ಹೆಸರುಗಳು ಒಂದೊಂದಾಗಿ ಕನ್ನಡಕ್ಕೆ ಬಂದವು. ಖಾನಾವಳಿ, ಮಾಸ್ತರು, ಡಾಕ್ಟರು, ಮುಖ್ಯಸ್ಥೆ ಹೇಳಿದ್ದೆಲ್ಲ ಸರಿ ಇತ್ತು. ಕೊನೆಯ ಸಾಲಿನಲ್ಲಿದ್ದದ್ದು ಮುಖ್ಯಸ್ಥೆಯ ಗಂಡನ ಹೆಸರು.

ಅವರು ಅಲ್ಲೇ ಗಂಡನಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕುವುದು ಬೇಡ ಎಂದು ನಾನು ಸನ್ನೆ ಮಾಡಿದೆ. ಅವರು ಹಾಕಿಯೇ ಬಿಟ್ಟರು.

"ಮನ್ಯಾಗ ಬುಟ್ಟಿಗಟ್ಲೆ ರೊಟ್ಟಿ ಇರತಾವ, ನೀವು ರೊಕ್ಕಾ ಕೊಟ್ಟು ತರಸ್ತೀರೇನು?"

ಆ ಕಡೆಯಿಂದ ಬಹಳ ದಿನದಿಂದ ತಡೆದಿಟ್ಟುಕೊಂಡವರ ಧ್ವನಿಯಲ್ಲಿ ಉತ್ತರ ಬಂತು.

"ಇಡೀವು ಎಲ್ಲಾ ಗಿರಾಕಿಗೆ, ಮುರದವು ಎಲ್ಲಾ ನನಗ. ಆರು ವರ್ಷ ಆತು, ಗುಂಡನ್ನ ರೊಟ್ಟಿ ನೋಡಿದ್ದಿಲ್ಲ. ಅದಕ್ಕ ನಾನೂ ಗಿರಾಕಿ ಆದೆ."

ಎಲ್ಲರೂ ಸಣ್ಣವರಾದ ತಿಂಗಳು

ಈಗ ನನ್ನ ತಂಗಿಯ ವಿಷಯ. ತವರುಮನೆ ಹುಕ್ಕೇರಿ. ತಂಗಿ ಅಲ್ಲೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ವಯಸ್ಸು ಮೂವತ್ತನಾಲ್ಕು. ನೋಡಲು ಬಂದ ಗಂಡುಗಳನ್ನೆಲ್ಲ ಅವಳು ಪರೀಕ್ಷೆಗೆ ಕೂತವರ ಹಾಗೆ ನೋಡಿ, ಫೇಲ್ ಮಾಡಿ ಕಳಿಸುತ್ತಿದ್ದಳು. ಒಬ್ಬನು ಮಾತಾಡುವಾಗ ಮಾವನ ಮುಖ ನೋಡುತ್ತಾನೆ, ಇನ್ನೊಬ್ಬನು ತಿಂಗಳ ಪಗಾರ ಹೇಳುವಾಗ ಕೆಮ್ಮುತ್ತಾನೆ. ಅವ್ವ ಸಿಕ್ಕವರ ಮುಂದೆಲ್ಲ ಕಣ್ಣೀರು ಹಾಕತೊಡಗಿದ್ದಳು. ನನಗೂ ಒಳಗೆ ಸಂಕಟ. ತಂಗಿ ಒಬ್ಬಳೇ ಉಳಿದುಬಿಡುತ್ತಾಳೆ ಎಂಬ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಬೇಡವಾದವನನ್ನು ಬೇಸತ್ತು ಒಪ್ಪಿಬಿಡುತ್ತಾಳೆ ಎಂಬ ಹೆದರಿಕೆ.

ಹುಕ್ಕೇರಿಯಲ್ಲಿ ನಮ್ಮ ಜನರ ವಧು-ವರರ ಪಟ್ಟಿ ಇಟ್ಟುಕೊಂಡ ಕಾಕಾ ಒಬ್ಬರಿದ್ದಾರೆ. ಅವರ ಅಳಿಯ ಒಂದು ಹೊಸ ಲ್ಯಾಪ್‌ಟಾಪ್ ಕೊಟ್ಟು, ಅದರಲ್ಲೊಂದು ಚಂದದ ಖಾಲಿ ಫೈಲ್ ಮಾಡಿಟ್ಟು ಹೋಗಿದ್ದರು. ಹಳೆಯ ಪಟ್ಟಿಯನ್ನೆಲ್ಲ ಅದರೊಳಗೆ ಹಾಕಿಕೊಡು ಎಂದು ಕಾಕಾ ಗೋಕಾಕಕ್ಕೆ ಬಂದರು. ಹಾಕಿಕೊಟ್ಟೆ. ಹೆಸರು ತಾಳೆ ನೋಡಿದೆ, ಊರು ತಾಳೆ ನೋಡಿದೆ, ಫೋನ್ ನಂಬರು ತಾಳೆ ನೋಡಿದೆ. ಹುಟ್ಟಿದ ತಾರೀಖು ಮಾತ್ರ ನೋಡಲಿಲ್ಲ. ಹುಟ್ಟಿದ ತಾರೀಖು ಎಲ್ಲಿಗೆ ಹೋದೀತು ಎಂದುಕೊಂಡೆ.

ಆ ತಿಂಗಳು ಕಾಕಾ ಅವರಲ್ಲಿ ಇದ್ದಕ್ಕಿದ್ದಂತೆ ಸಂಬಂಧಗಳು ಕೂಡತೊಡಗಿದವು. ಎರಡು ವರ್ಷದಿಂದ ಯಾರೂ ಕೇಳದವರನ್ನು ಈಗ ಮೂರು ಮೂರು ಮನೆಯವರು ಕೇಳುತ್ತಿದ್ದಾರೆ ಎಂದು ಅವರು ಫೋನ್ ಮಾಡಿ ನನಗೆ ಆಶೀರ್ವಾದ ಮಾಡಿದರು. ತಂಗಿಗೂ ಒಂದು ಬಂತು. ಮೂಡಲಗಿಯಲ್ಲಿ ನೀರಿನ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟವರು. ಫೋಟೋ ನೋಡಿದ ತಂಗಿ ಮೊದಲ ಸಲ ಏನೂ ಕೊಂಕು ತೆಗೆಯಲಿಲ್ಲ. ಎರಡು ದಿನ ಬಿಟ್ಟು, "ಆ ಫೋಟೋ ಎಲ್ಲಿಟ್ಟಿ?" ಎಂದು ಅವ್ವನನ್ನು ತಾನಾಗಿಯೇ ಕೇಳಿದಳಂತೆ. ಅವ್ವ ಬಸವಣ್ಣನ ಫೋಟೋದ ಮುಂದೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದಳು.

ನೋಡಲು ಬರುವ ದಿನ ಬೆಳಿಗ್ಗೆ ನಾನು ತವರಿಗೆ ಹೋದೆ. ಹುಡುಗನ ವಿವರ ಇನ್ನೊಮ್ಮೆ ಪರೀಕ್ಷೆ ಮಾಡೋಣ ಎಂದು ಸಂಶಯದಿಂದಲೇ ಮೊಬೈಲಿನಲ್ಲಿಟ್ಟಿದ್ದ ಆ ಫೈಲಿನ ಕಾಪಿ ತೆರೆದೆ. ವಯಸ್ಸು ಮೂವತ್ತನಾಲ್ಕು. ಹಾಗೇ ತಂಗಿಯ ಸಾಲು ನೋಡಿದೆ. ವಯಸ್ಸು ಮೂವತ್ತು.

ಕಂಪ್ಯೂಟರಿಗೆ ತಾರೀಖು ಎಂದರೆ ಬರೀ ದಿನಗಳ ಎಣಿಕೆ. ಕೆಲವು ಫೈಲು ಒಂದು ವರ್ಷದಿಂದ ಎಣಿಸಲು ಶುರು ಮಾಡಿದರೆ, ಕೆಲವು ನಾಲ್ಕು ವರ್ಷ ಬಿಟ್ಟು ಶುರು ಮಾಡುತ್ತವೆ. ಅಳಿಯನ ಫೈಲು ಎರಡನೇ ಜಾತಿಯದು. ನಾನು ಹಳೆಯ ಪಟ್ಟಿಯನ್ನು ಅದರೊಳಗೆ ಹಾಕಿದ ಕೂಡಲೇ ಎಲ್ಲರೂ ನಾಲ್ಕು ವರ್ಷ ತಡವಾಗಿ ಹುಟ್ಟಿದ್ದರು. ಕಾಕಾ ಅವರ ಪಟ್ಟಿಯಲ್ಲಿದ್ದವರೆಲ್ಲ ನಾಲ್ಕು ವರ್ಷ ಸಣ್ಣವರಾಗಿದ್ದರು.

ಅವ್ವನಿಗೆ ಹೇಳಿದೆ. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು, "ನೀ ಇವತ್ತೊಂದು ದಿನ ಬಾಯಿ ಮುಚ್ಕೊಂಡು ಕೂಡು. ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. ತಂಗಿಗೆ ಹೇಳಲು ಸಮಯ ಸಿಗಲಿಲ್ಲ. ಹೊರಗೆ ಕಾರು ನಿಂತಿತ್ತು.

ಬಂದವರು ಮೂವರು, ಹುಡುಗ, ಅವನ ತಾಯಿ, ಸೋದರಮಾವ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣು. ಅವಲಕ್ಕಿ ಆಯಿತು. ತಂಗಿ ಚಹಾ ತಂದಿಟ್ಟು ಎದುರಿಗೆ ಕೂತಳು. ಸೋದರಮಾವ ಗಂಟಲು ಸರಿಮಾಡಿಕೊಂಡರು.

"ನಾವು ಕುಂಡಲಿ ಗಿಂಡಲಿ ನೋಡೂ ಮಂದಿ ಅಲ್ರಿ. ಅದರಾಗ ನಮಗ ನಂಬಿಕಿ ಇಲ್ಲ. ಎಸ್ಸೆಸ್ಸೆಲ್ಸಿ ಯಾವ ವರ್ಷ ಪಾಸಾದ್ರಿ ತಂಗೀ?"

ವಯಸ್ಸು ಹಿಡಿಯಲು ನಮ್ಮ ಕಡೆ ಇದಕ್ಕಿಂತ ದೊಡ್ಡ ಬಲೆ ಇಲ್ಲ. ಅವ್ವ ನನ್ನ ತೊಡೆ ಚಿವುಟಿದಳು. ತಂಗಿ ಇದ್ದ ಇಸವಿಯನ್ನೇ ಹೇಳಿದಳು. ಪಟ್ಟಿಯಲ್ಲಿದ್ದ ಮೂವತ್ತು ವರ್ಷ ಹಿಡಿದು ಮಾವ ಬೆರಳು ಮಡಚಿ ಎಣಿಸಿದರು, ಬಿಡಿಸಿ ಮತ್ತೆ ಎಣಿಸಿದರು.

"ಹನ್ನೆರಡು ವರ್ಷಕ್ಕ ಎಸ್ಸೆಸ್ಸೆಲ್ಸಿ ಪಾಸ ಆಗ್ಯಾರಲ್ಲ! ಭಾಳ ಶಾಣ್ಯಾ ಅದಾರ," ಎಂದರು. ಮೆಚ್ಚುಗೆಯ ಧ್ವನಿ ಅಲ್ಲ ಅದು.

ತಂಗಿಗೆ ಏನೂ ಅರ್ಥವಾಗಲಿಲ್ಲ. ಆದರೆ ಗಣಿತದ ಬಾಯಾರು, ಬಿಡುತ್ತಾಳೆಯೇ? ಹುಡುಗನ ಕಡೆ ತಿರುಗಿ, "ನೀವು ಯಾವ ವರ್ಷ ಪಾಸಾದ್ರಿ?" ಎಂದು ಕೇಳಿದಳು. ಅವನು ತಾಯಿಯ ಮುಖ ನೋಡದೆ, ಕೆಮ್ಮದೆ, ನೆಟ್ಟಗೆ ಉತ್ತರ ಹೇಳಿದ. ಪಟ್ಟಿಯಲ್ಲಿ ಅವನಿಗೆ ಮೂವತ್ತನಾಲ್ಕು. ಅವಳಿಗೆ ಬೆರಳು ಬೇಕಾಗಲಿಲ್ಲ.

"ನೀವು ನನಗಿಂತ ಶಾಣ್ಯಾರ್ರಿ. ಹತ್ತು ವರ್ಷಕ್ಕ ಪಾ‌ಸಾಗೀರಿ."

ಹುಡುಗನ ತಾಯಿ ನಮ್ಮನ್ನು ನೋಡಿದಳು, ಅವ್ವ ಅವರನ್ನು ನೋಡಿದಳು. ಇನ್ನೇನು ಅವರು ಎದ್ದು ಹೋಗುತ್ತಾರೆ ಎಂದು ನನಗೆ ಅನಿಸಿತು. ತಂಗಿ ಇನ್ನೊಂದು ಫೋಟೋ ಕೇಳುವವಳಲ್ಲ. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಫೈಲು, ಎಣಿಕೆ, ಅಳಿಯನ ಲ್ಯಾಪ್‌ಟಾಪು, ನನ್ನ ತಪ್ಪು. ಎಲ್ಲರದೂ ನಾಲ್ಕು ನಾಲ್ಕು ವರ್ಷ ಕಮ್ಮಿಯಾಗಿದೆ ಎಂದೆ.

ತಂಗಿ ಅಲ್ಲೇ ಕೂಡಿಸಿದಳು. "ನಂದು ಹನ್ನೆರಡಕ್ಕ ನಾಕು ಕೂಡಿಸಿದ್ರ ಹದಿನಾರು. ಸರಿ ಐತಿ. ಇವರದು ಹತ್ತಕ್ಕ ನಾಕು ಕೂಡಿಸಿದ್ರ ಹದಿನಾಕು. ಇನ್ನೂ ಎರಡು ವರ್ಷ ಎಲ್ಲಿ ಹೋದವು?"

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು, "ಅದೂ ಫೈಲಿಂದ ತಪ್ಪ ಇರಬೇಕವಾ," ಎಂದಳು.

"ಇಲ್ರಿ, ನನಗ ನಲವತ್ತು," ಎಂದ ಹುಡುಗ. "ಅವ್ವ ಎರಡು ಕಮ್ಮಿ ಬರಸ್ಯಾಳ."

ಸೋದರಮಾವನಿಗೆ ಇದು ಒಳ್ಳೆಯ ಸಂದರ್ಭ ಅನಿಸಿರಬೇಕು. ಮುಂದೆ ಬಾಗಿ ಮೆಲ್ಲಗೆ, "ಹಂಗಂದ ಮ್ಯಾಲ ಎಂಟು ಎಕರೆ ಅಂತ ಬಂದೈತಲ್ರಿ, ಅದೂ ಫೈಲಿಂದನ ತಪ್ಪು. ಇರೂದು ಎರಡೂವರಿ," ಎಂದರು.

ಇದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ. "ಮಾವಾರ, ತಾರೀಖು ಬದಲಾಗ್ತೈತ್ರಿ, ಎಕರೆ ಬದಲಾಗೂದಿಲ್ಲ."

"ನಾಕು ವರ್ಷ ನುಂಗೂ ಫೈಲಿಗೆ ಐದೂವರಿ ಎಕರೆ ಹಡಿಯಾಕ ಬರೂದಿಲ್ಲೇನ್ರಿ?" ಎಂದರು ಮಾವ.

ಹುಡುಗನ ತಾಯಿಗೂ ಈಗ ಧೈರ್ಯ ಬಂತು. ನಮ್ಮ ತಂಗಿಯ ಕಡೆ ಬೆರಳು ಮಾಡಿ, "ನಿಮ್ಮದರಾಗ ಎಲ್ಲಾ ಥರದ ಅಡಿಗಿ ಬರ್ತೈತಿ ಅಂತ ಐತಿ. ಅದು ಖರೇನೋ?" ಎಂದು ಕೇಳಿದಳು.

ಅವ್ವ ಬಾಯಿ ತೆರೆಯುವ ಮುಂಚೆ ತಂಗಿ ಹೇಳಿದಳು. "ಅದೂ ಫೈಲಿಂದ ತಪ್ಪರಿ. ನನಗ ಚಹಾ ಒಂದ ಬರ್ತೈತಿ."

ಹುಡುಗ ಇಷ್ಟು ಹೊತ್ತು ಮುಟ್ಟದೆ ಇಟ್ಟಿದ್ದ ಕಪ್ಪನ್ನು ಎತ್ತಿ ಒಂದು ಗುಟುಕು ಕುಡಿದ. ನಿಧಾನವಾಗಿ ಬಸಿಯ ಮೇಲೆ ಇಟ್ಟ. ತಂಗಿಯ ಮುಖವನ್ನೇ ನೋಡಿ ಹೇಳಿದ:

"ಚಹಾದ್ದೂ ಫೈಲಿಂದ ತಪ್ಪ ಐತ್ರಿ. ಇರಲಿ ಬಿಡ್ರಿ, ನನಗ ಅಡಿಗಿ ಬರ್ತೈತಿ."

ನನ್ನ ತಂಗಿ ನಕ್ಕಳು. ನೋಡಲು ಬಂದವರ ಮುಂದೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನಗುತ್ತಲೇ ಎದ್ದು ಒಳಗೆ ಹೋದಳು. ಅವ್ವ ಹಿಂದೆಯೇ ಹೋದಳು, ಅವ್ವನ ಹಿಂದೆ ನಾನು. ಅಡುಗೆಮನೆಯಲ್ಲಿ ತಂಗಿ ಗೋಡೆಯ ಕಡೆ ಮುಖ ಮಾಡಿ ಇನ್ನೂ ನಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

"ಏನ ಹೇಳ್ಲೆವಾ ಅವರಿಗೆ?" ಎಂದಳು ಅವ್ವ, ಹೆದರಿಕೊಂಡು.

ತಂಗಿ ಕಣ್ಣೊರೆಸಿಕೊಂಡಳು.

"ಹೂಂ ಅನ್ನವಾ. ಆದ್ರ ಹೋಗೂದ್ರಾಗ ಅವರ ಸಾಲಿ ಟಿ.ಸಿ. ಕಳಸಾಕ ಹೇಳು. ಒರಿಜಿನಲ್. ಅಕ್ಕನ ಕೈಯಾಗ ಕೊಡೂದು ಬ್ಯಾಡ."